ಬೆಂಗಳೂರು ನೀಲಿ ದ್ರಾಕ್ಷಿ

ಬೆಂಗಳೂರು ನೀಲಿ ದ್ರಾಕ್ಷಿಯು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳಲ್ಲಿ ಬೆಳೆಯಲಾಗುವ, ಬೀಜವುಳ್ಳ, ಕಡುನೀಲಿ ಬಣ್ಣದ ದ್ರಾಕ್ಷಿ ತಳಿ. ಬೆಳೆಗಾರರೂ ವ್ಯಾಪಾರಿಗಳೂ ಇದನ್ನು ಸಾಮಾನ್ಯವಾಗಿ ‘ಬೆಂಗಳೂರು ಬ್ಲೂ’ ಎಂದು ಕರೆಯುತ್ತಾರೆ. ಈ ಭಾಗದಲ್ಲಿ ಸುಮಾರು ಒಂದೂವರೆ ಶತಮಾನದಿಂದ ಬೇಸಾಯದಲ್ಲಿರುವ ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇತರ ದ್ರಾಕ್ಷಿಗಳಿಂದ ಇದನ್ನು ಬೇರ್ಪಡಿಸುವ ಮುಖ್ಯ ಗುಣವೆಂದರೆ ಅದರ ಗಾಢವಾದ ಪರಿಮಳ. ಹಣ್ಣಿನ ರಸದ ಉದ್ಯಮದಲ್ಲಿ ಈ ತಳಿಗೆ ಸ್ಥಾನ ದೊರಕಿಸಿದ್ದು ಈ ಪರಿಮಳವೇ. ಯುರೋಪಿನ ವೈನ್ ಉದ್ಯಮವು ಇದರ ಕುಲವನ್ನು ಹೊರಗಿಟ್ಟದ್ದಕ್ಕೆ ಒಂದು ಕಾರಣವೂ ಈ ಪರಿಮಳವೇ.

ಹೆಸರು ಮತ್ತು ಮೂಲ

ಹೆಸರಿನಲ್ಲಿ ಬೆಂಗಳೂರು ಇದ್ದರೂ ಈ ತಳಿಯ ಮೂಲ ಉತ್ತರ ಅಮೆರಿಕ. ದ್ರಾಕ್ಷಿ ತಳಿಗಳ ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ‘ಬೆಂಗಳೂರು ಬ್ಲೂ’ ಎಂಬುದು ‘ಇಸಬೆಲ್ಲಾ’ ತಳಿಯ ಪರ್ಯಾಯ ಹೆಸರುಗಳಲ್ಲಿ ಒಂದು. ಅಮೆರಿಕದ ಕಾಡು ದ್ರಾಕ್ಷಿಯಾದ ವಿಟಿಸ್ ಲ್ಯಾಬ್ರುಸ್ಕ ಮತ್ತು ಯುರೋಪ್ ಹಾಗೂ ಪಶ್ಚಿಮ ಏಷ್ಯಾದ ಕೃಷಿ ದ್ರಾಕ್ಷಿಯಾದ ವಿಟಿಸ್ ವಿನಿಫೆರ ಇವೆರಡರ ಆಕಸ್ಮಿಕ ಸಂಕರದಿಂದ ಇಸಬೆಲ್ಲಾ ಹುಟ್ಟಿತೆಂದು ತಿಳಿಯಲಾಗಿದೆ. ನ್ಯೂಯಾರ್ಕ್ ಸಮೀಪದ ಸಸ್ಯೋದ್ಯಮಿ ವಿಲಿಯಂ ಪ್ರಿನ್ಸ್ 1816ರಲ್ಲಿ ಈ ಬಳ್ಳಿಯನ್ನು ಇಸಬೆಲ್ಲಾ ಗಿಬ್ಸ್ ಎಂಬುವರಿಂದ ಪಡೆದು, ಅವರ ಹೆಸರನ್ನೇ ಅದಕ್ಕೆ ಇಟ್ಟರು.

ರೋಗಗಳನ್ನು ತಾಳಿಕೊಳ್ಳುವ ಗುಣದಿಂದಾಗಿ ಇಸಬೆಲ್ಲಾ ಹತ್ತೊಂಬತ್ತನೆಯ ಶತಮಾನದಲ್ಲಿ ಹಲವು ಖಂಡಗಳಿಗೆ ಹರಡಿತು. ಬ್ರೆಜಿಲ್‌ನಲ್ಲಿ ಇಂದಿಗೂ ಇದು ಪ್ರಮುಖ ತಳಿ. ಹೋದ ಕಡೆಗಳಲ್ಲೆಲ್ಲ ಅದಕ್ಕೆ ಸ್ಥಳೀಯ ಹೆಸರುಗಳು ಬಂದವು. ಇಟಲಿಯಲ್ಲಿ ಇದು ‘ಊವಾ ಫ್ರಾಗೊಲಾ’, ಅಂದರೆ ಸ್ಟ್ರಾಬೆರಿ ದ್ರಾಕ್ಷಿ. ಬೆಂಗಳೂರಿನ ಸುತ್ತಲಿನ ಕೆಂಪು ಮಣ್ಣಿಗೂ ಹಿತವಾದ ಹವಾಗುಣಕ್ಕೂ ಹೊಂದಿಕೊಂಡ ಬಳ್ಳಿಗೆ ಇಲ್ಲಿನ ನಗರದ ಹೆಸರೇ ಅಂಟಿಕೊಂಡಿತು.

ಸಸ್ಯ ಲಕ್ಷಣಗಳು

ಬಳ್ಳಿಯು ಹುಲುಸಾಗಿ ಬೆಳೆಯುತ್ತದೆ. ಎಲೆಗಳು ಅಗಲವಾಗಿದ್ದು ಅವುಗಳ ತಳಭಾಗದಲ್ಲಿ ದಟ್ಟವಾದ ನವಿರು ರೋಮಗಳಿರುತ್ತವೆ. ಇದು ಲ್ಯಾಬ್ರುಸ್ಕ ಪ್ರಭೇದದಿಂದ ಬಂದ ಗುರುತು. ಗೊಂಚಲುಗಳು ಸಣ್ಣವು ಅಥವಾ ಮಧ್ಯಮ ಗಾತ್ರದವು. ಹಣ್ಣುಗಳು ಚಿಕ್ಕವು, ಅಂಡಾಕಾರದವು. ಮಾಗಿದಾಗ ಕಡುನೇರಳೆಯಿಂದ ಕಪ್ಪುನೀಲಿಯವರೆಗಿನ ಬಣ್ಣ ಪಡೆಯುತ್ತವೆ. ಸಿಪ್ಪೆಯ ಮೇಲೆ ಬೂದುಬಣ್ಣದ ತೆಳುವಾದ ಮೇಣದ ಪದರವಿರುತ್ತದೆ. ಇದನ್ನು ಕೆಲವರು ಔಷಧಿಯ ಪುಡಿ ಎಂದು ತಪ್ಪಾಗಿ ಭಾವಿಸುವುದುಂಟು. ವಾಸ್ತವದಲ್ಲಿ ಇದು ಬಳ್ಳಿಯೇ ಉತ್ಪಾದಿಸುವ ಮೇಣವಾಗಿದ್ದು, ಹಣ್ಣಿನ ತೇವ ಆರದಂತೆ ಕಾಯುತ್ತದೆ.

ಹಣ್ಣನ್ನು ಬೆರಳುಗಳ ನಡುವೆ ಒತ್ತಿದರೆ ತಿರುಳು ಇಡಿಯಾಗಿ ಜಾರಿ ಹೊರಬಂದು ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ವಿನಿಫೆರ ತಳಿಗಳಲ್ಲಿ ಸಿಪ್ಪೆಯು ತಿರುಳಿಗೆ ಅಂಟಿಕೊಂಡಿರುವುದರಿಂದ ಹೀಗಾಗುವುದಿಲ್ಲ. ಮಾಗಿದ ಹಣ್ಣಿನಲ್ಲಿ ಕರಗಿರುವ ಒಟ್ಟು ಘನಾಂಶ ಶೇ. 16ರಿಂದ 18ರಷ್ಟಿರುತ್ತದೆ, ಇದರಲ್ಲಿ ಬಹುಭಾಗ ಸಕ್ಕರೆ. ರಸವು ತಿಳಿಯಾಗಿದ್ದು ನೇರಳೆ ಬಣ್ಣ ಹೊಂದಿರುತ್ತದೆ. ಒಂದೇ ಗೊಂಚಲಿನ ಕಾಳುಗಳು ಏಕಕಾಲಕ್ಕೆ ಮಾಗದಿರುವುದು ಈ ತಳಿಯ ಒಂದು ದೋಷ.

ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್‌ಗಳಲ್ಲಿಯೂ ಈ ತಳಿಯ ಮಿಶ್ರ ವಂಶದ ಸುಳಿವು ಸಿಗುತ್ತದೆ. ಶುದ್ಧ ವಿನಿಫೆರ ಹಣ್ಣುಗಳಲ್ಲಿ ಪ್ರತಿ ವರ್ಣಕದ ಅಣುವಿಗೆ ಸಾಮಾನ್ಯವಾಗಿ ಒಂದು ಗ್ಲೂಕೋಸ್ ಘಟಕ ಜೋಡಿಕೊಂಡಿದ್ದರೆ, ಅಮೆರಿಕದ ಪ್ರಭೇದಗಳಲ್ಲಿಯೂ ಅವುಗಳ ಅನೇಕ ಸಂಕರಗಳಲ್ಲಿಯೂ ಎರಡು ಘಟಕಗಳಿರುವ ವರ್ಣಕಗಳು ದೊರೆಯುತ್ತವೆ. ವೈನ್‌ನಲ್ಲಿ ಸಂಕರ ದ್ರಾಕ್ಷಿಯ ಬೆರಕೆಯನ್ನು ಪತ್ತೆ ಹಚ್ಚಲು ಪ್ರಯೋಗಾಲಯಗಳು ಈ ವ್ಯತ್ಯಾಸವನ್ನು ಬಳಸಿಕೊಳ್ಳುತ್ತವೆ.

ಪರಿಮಳದ ರಸಾಯನಶಾಸ್ತ್ರ

ಹಣ್ಣಿನ ರುಚಿಯಲ್ಲಿ ನಾಲಗೆಯ ಪಾಲು ಸಿಹಿ, ಹುಳಿ ಮತ್ತು ಒಗರುಗಳಿಗೆ ಸೀಮಿತ. ಉಳಿದದ್ದನ್ನು ಗುರುತಿಸುವುದು ಮೂಗು. ಅಗಿಯುವಾಗ ಆವಿಯಾಗುವ ಸಣ್ಣ ಅಣುಗಳು ಬಾಯಿಯ ಹಿಂಭಾಗದಿಂದ ಮೂಗಿಗೆ ಏರಿ ಅಲ್ಲಿನ ಗ್ರಾಹಕಗಳನ್ನು ತಲಪುತ್ತವೆ. ಇಂತಹ ಅಣುಗಳನ್ನು ಬೇರ್ಪಡಿಸಿ ಗುರುತಿಸಲು ಅನಿಲ ವರ್ಣಲೇಖನ ಮತ್ತು ದ್ರವ್ಯರಾಶಿ ರೋಹಿತಮಾಪನ ವಿಧಾನಗಳನ್ನು ಒಟ್ಟಿಗೆ ಬಳಸಲಾಗುತ್ತದೆ. ಪರಿಮಳದ ದೃಷ್ಟಿಯಿಂದ ದ್ರಾಕ್ಷಿಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ನೋಡಬಹುದು.

• ತಟಸ್ಥ ಪರಿಮಳದ ತಳಿಗಳು: ಥಾಮ್ಸನ್ ಸೀಡ್‌ಲೆಸ್, ಅನಾಬ್-ಎ-ಶಾಹಿ ಮುಂತಾದವು. ಸಿಹಿ ಮತ್ತು ಹುಳಿಗಳ ಸಮತೋಲನವೇ ಇವುಗಳ ಮುಖ್ಯ ರುಚಿ.
• ಮಸ್ಕಟ್ ಪರಿಮಳದ ತಳಿಗಳು: ಲಿನಲೂಲ್, ಜೆರಾನಿಯೋಲ್ ಮೊದಲಾದ ಟರ್ಪೀನ್ ಆಲ್ಕೊಹಾಲ್‌ಗಳಿಂದ ಗುಲಾಬಿಯನ್ನು ಹೋಲುವ ಕಂಪು ಪಡೆದವು. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಬೆಳೆಯುವ ಪನ್ನೀರು ದ್ರಾಕ್ಷಿ (ಮಸ್ಕಟ್ ಹ್ಯಾಂಬರ್ಗ್ ಅಥವಾ ಗುಲಾಬಿ) ಈ ಗುಂಪಿನದು.
• ಲ್ಯಾಬ್ರುಸ್ಕ ಪರಿಮಳದ ತಳಿಗಳು: ಅಮೆರಿಕದ ಕಾನ್‌ಕರ್ಡ್, ಇಸಬೆಲ್ಲಾ ಮತ್ತು ಬೆಂಗಳೂರು ನೀಲಿ.

ಮೀಥೈಲ್ ಆಂಥ್ರಾನಿಲೇಟ್

ಲ್ಯಾಬ್ರುಸ್ಕ ಗುಂಪಿನ ಪರಿಮಳದೊಂದಿಗೆ ಅತಿ ಹೆಚ್ಚು ಗುರುತಿಸಿಕೊಂಡಿರುವ ಸಂಯುಕ್ತ ಮೀಥೈಲ್ ಆಂಥ್ರಾನಿಲೇಟ್. ಇದರ ಅಣುಸೂತ್ರ C₈H₉NO₂. ಅಣುತೂಕ ಸುಮಾರು 151. ಶುದ್ಧ ರೂಪದಲ್ಲಿ ಇದು ಬಣ್ಣವಿಲ್ಲದ ಅಥವಾ ತಿಳಿಹಳದಿ ಬಣ್ಣದ ವಸ್ತು. ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಬೇಸಿಗೆಯಲ್ಲಿ ದ್ರವವಾಗಿಯೂ ಚಳಿಗಾಲದಲ್ಲಿ ಹರಳಾಗಿಯೂ ಇರಬಲ್ಲದು. ಕಾನ್‌ಕರ್ಡ್ ದ್ರಾಕ್ಷಿಯ ರಸದಲ್ಲಿ ಇದರ ಇರುವಿಕೆ 1920ರ ದಶಕದ ಆರಂಭದಲ್ಲಿಯೇ ಪತ್ತೆಯಾಗಿತ್ತು. ನೀರಿನಲ್ಲಿ ಶತಕೋಟಿಗೆ ಕೆಲವೇ ಭಾಗಗಳಷ್ಟಿದ್ದರೂ ಮನುಷ್ಯನ ಮೂಗು ಇದನ್ನು ಗುರುತಿಸಬಲ್ಲದು.

ಬಳ್ಳಿಯಲ್ಲಿ ಈ ಅಣು ತಯಾರಾಗುವುದು ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲದ ತಯಾರಿಕೆಯ ಮಾರ್ಗದಿಂದ ಕವಲೊಡೆಯುವ ಒಂದು ಹಾದಿಯಲ್ಲಿ. ಆ ಮಾರ್ಗದ ನಡುವಣ ಹಂತದಲ್ಲಿ ಆಂಥ್ರಾನಿಲಿಕ್ ಆಮ್ಲ ಉಂಟಾಗುತ್ತದೆ. ಅದು ಮೊದಲು ಸಹಕಿಣ್ವ-ಎ ಜೊತೆ ಸೇರುತ್ತದೆ. ಬಳಿಕ ಒಂದು ವರ್ಗಾವಣಾ ಕಿಣ್ವವು ಅದನ್ನು ಮೆಥನಾಲ್‌ನೊಂದಿಗೆ ಜೋಡಿಸಿ ಎಸ್ಟರನ್ನಾಗಿ ಮಾಡುತ್ತದೆ. ಈ ಕಿಣ್ವವನ್ನು ಕಾನ್‌ಕರ್ಡ್ ದ್ರಾಕ್ಷಿಯ ಹೊರ ತಿರುಳಿನಿಂದ ಬೇರ್ಪಡಿಸಿ ವಿವರಿಸಿದ ಸಂಶೋಧನೆ 2005ರಲ್ಲಿ ಪ್ರಕಟವಾಯಿತು. ಹಣ್ಣು ಮಾಗಿದಂತೆ ಈ ಸಂಯುಕ್ತದ ಪ್ರಮಾಣ ಏರುತ್ತದೆ.

ಈ ಅಣು ದ್ರಾಕ್ಷಿಗೆ ಮಾತ್ರ ಸೀಮಿತವಲ್ಲ. ಮಲ್ಲಿಗೆ, ಸುಗಂಧರಾಜ ಮತ್ತು ಕಿತ್ತಳೆ ಹೂಗಳ ಸುವಾಸನೆಯಲ್ಲಿಯೂ ಅದರ ಪಾಲಿದೆ. ಹಣ್ಣು ಮತ್ತು ಹೂವು ಎರಡನ್ನೂ ಮಾರುವ ಶಿವಾಜಿನಗರದಂತಹ ಮಾರುಕಟ್ಟೆಯಲ್ಲಿ ಮಲ್ಲಿಗೆಯ ಕುಕ್ಕೆಯಿಂದಲೂ ನೀಲಿ ದ್ರಾಕ್ಷಿಯ ರಾಶಿಯಿಂದಲೂ ಹೊಮ್ಮುವ ಕಂಪಿನಲ್ಲಿ ಒಂದೇ ರಾಸಾಯನಿಕವು ಬೇರೆಬೇರೆ ಸಹವಾಸದಲ್ಲಿ ಕಾಣಿಸಿಕೊಳ್ಳುತ್ತದೆ. ಕಾರ್ಖಾನೆಗಳಲ್ಲಿ ಸಂಶ್ಲೇಷಿಸಿದ ಮೀಥೈಲ್ ಆಂಥ್ರಾನಿಲೇಟನ್ನು ಸುಗಂಧದ್ರವ್ಯಗಳಲ್ಲಿ ಮತ್ತು ‘ದ್ರಾಕ್ಷಿ’ ರುಚಿಯ ಮಿಠಾಯಿ, ಪಾನೀಯ, ಚ್ಯೂಯಿಂಗ್ ಗಮ್‌ಗಳಲ್ಲಿ ಬಳಸುತ್ತಾರೆ. ಹಸಿರು ಸೀಡ್‌ಲೆಸ್ ದ್ರಾಕ್ಷಿಯನ್ನಷ್ಟೇ ತಿಂದವರಿಗೆ ಇಂತಹ ಮಿಠಾಯಿಯ ರುಚಿ ಕೃತಕವೆನಿಸಬಹುದು. ಆದರೆ ಅದು ಅನುಕರಿಸುತ್ತಿರುವುದು ಲ್ಯಾಬ್ರುಸ್ಕ ಗುಂಪಿನ ನಿಜವಾದ ಹಣ್ಣನ್ನೇ.

ಪಕ್ಷಿಗಳಿಗೆ ಈ ಅಣು ಅಸಹ್ಯವಾಗಿರುವುದರಿಂದ ಕೆಲವು ದೇಶಗಳಲ್ಲಿ ಇದನ್ನು ಹಕ್ಕಿಗಳನ್ನು ದೂರವಿಡುವ ಸಿಂಪಡಣೆಯಾಗಿ ಉಪಯೋಗಿಸುತ್ತಾರೆ. ಹಣ್ಣಿನೊಳಗೆ ಸಹಜವಾಗಿರುವ ಪ್ರಮಾಣ ಅತ್ಯಲ್ಪವಾದ್ದರಿಂದ ಬೆಂಗಳೂರು ಸುತ್ತಲಿನ ತೋಟಗಳಲ್ಲಿ ಬೆಳೆಗಾರರು ಹಕ್ಕಿಗಳಿಂದ ರಕ್ಷಣೆಗೆ ಬಲೆಗಳನ್ನೇ ಅವಲಂಬಿಸಬೇಕಾಗುತ್ತದೆ.

ಇತರ ಸಂಯುಕ್ತಗಳು

ಒಂದೇ ಅಣುವಿನಿಂದ ಹಣ್ಣಿನ ಪೂರ್ಣ ಪರಿಮಳ ಉಂಟಾಗುವುದಿಲ್ಲ. ಇಸಬೆಲ್ಲಾ ಹಾಗೂ ಅದರ ಬಂಧು ತಳಿಗಳಲ್ಲಿ ಕೆಳಗಿನ ಸಂಯುಕ್ತಗಳಿಗೂ ಪಾತ್ರವಿದೆ.

• ಫ್ಯೂರನಿಯೋಲ್: ಸ್ಟ್ರಾಬೆರಿ ಮತ್ತು ಕಾಯಿಸಿದ ಸಕ್ಕರೆಯನ್ನು ನೆನಪಿಸುವ ಕಂಪು. ಇಟಲಿಯ ‘ಸ್ಟ್ರಾಬೆರಿ ದ್ರಾಕ್ಷಿ’ ಎಂಬ ಹೆಸರಿಗೆ ಇದು ಹೊಂದುತ್ತದೆ.
• ಆರ್ಥೋ-ಅಮಿನೋ ಅಸಿಟೋಫಿನೋನ್: ರಚನೆಯಲ್ಲಿ ಮೀಥೈಲ್ ಆಂಥ್ರಾನಿಲೇಟಿಗೆ ಹತ್ತಿರವಾದುದು, ಕಾಡು ದ್ರಾಕ್ಷಿಯ ತೀಕ್ಷ್ಣ ವಾಸನೆಗೆ ಕಾರಣ.
• ಈಥೈಲ್ ಬ್ಯುಟನೋಯೇಟ್, ಈಥೈಲ್ ಹೆಕ್ಸನೋಯೇಟ್ ಮುಂತಾದ ಎಸ್ಟರುಗಳು: ಮಾಗಿದ ಹಣ್ಣುಗಳಿಗೆ ಸಾಮಾನ್ಯವಾದ ಸಿಹಿ ವಾಸನೆ.
• ಹೆಕ್ಸನಾಲ್ ಮತ್ತು ಅದರ ಬಂಧುಗಳಾದ ಆಲ್ಡಿಹೈಡುಗಳು: ಹಣ್ಣನ್ನು ಜಜ್ಜಿದಾಗ ಹುಟ್ಟುವ ಹಸಿ ಹುಲ್ಲಿನ ವಾಸನೆ.
• ಗಂಧಕವುಳ್ಳ ಎಸ್ಟರುಗಳು: ಕಾನ್‌ಕರ್ಡ್‌ನಲ್ಲಿ ಪತ್ತೆಯಾದ ಇಂತಹ ಒಂದು ಸಂಯುಕ್ತವು ಅತ್ಯಲ್ಪ ಪ್ರಮಾಣದಲ್ಲಿ ಹಣ್ಣಿನ ಕಂಪನ್ನೂ ಹೆಚ್ಚಾದರೆ ಪ್ರಾಣಿಗಳ ಮೈವಾಸನೆಯನ್ನೂ ನೀಡುತ್ತದೆ.

‘ನರಿವಾಸನೆ’

ವಿಟಿಸ್ ಲ್ಯಾಬ್ರುಸ್ಕವನ್ನು ಅಮೆರಿಕದಲ್ಲಿ ‘ನರಿ ದ್ರಾಕ್ಷಿ’ ಎಂದು ಕರೆಯುವ ರೂಢಿ ಹಳೆಯದು. ಇದರಿಂದ ಈ ಗುಂಪಿನ ಪರಿಮಳಕ್ಕೆ ವೈನ್ ಪರಿಣತರ ನಡುವೆ ‘ನರಿವಾಸನೆ’ ಎಂಬ ಅರ್ಥದ ಪದ ಬಳಕೆಗೆ ಬಂದಿತು. ಎಟುಕದ ದ್ರಾಕ್ಷಿಯನ್ನು ಹುಳಿ ಎಂದ ನರಿಯ ಕಥೆಗೂ ಈ ಪದಕ್ಕೂ ಸಂಬಂಧವಿಲ್ಲ. ವಿನಿಫೆರ ವೈನ್‌ಗೆ ಒಗ್ಗಿಕೊಂಡ ಯುರೋಪಿನ ಅಭಿರುಚಿಗೆ ಈ ವಾಸನೆ ದೋಷವಾಗಿ ಕಂಡಿತು. ಅದೇ ಅಣುಗಳು ರಸ, ಜಾಮ್, ಜೆಲ್ಲಿ ತಯಾರಕರಿಗೆ ‘ದ್ರಾಕ್ಷಿಯ ನಿಜವಾದ ರುಚಿ’ಯಾಗಿ ಕಂಡವು.

ಮಾಗುವಿಕೆ ಮತ್ತು ಪರಿಮಳ

ಮಾವು, ಬಾಳೆಗಳಂತೆ ದ್ರಾಕ್ಷಿಯು ಕೊಯ್ಲಿನ ನಂತರ ಮಾಗುವುದಿಲ್ಲ. ಬಳ್ಳಿಯಿಂದ ಬೇರ್ಪಟ್ಟ ಮೇಲೆ ಅದರ ಸಕ್ಕರೆಯಾಗಲಿ ಪರಿಮಳವಾಗಲಿ ವೃದ್ಧಿಸುವುದಿಲ್ಲ. ಬಣ್ಣ ಮಾತ್ರ ಪೂರ್ಣ ಮಾಗುವಿಕೆಗಿಂತ ಮೊದಲೇ ತಿರುಗುತ್ತದೆ. ಗೊಂಚಲಿನ ಬಣ್ಣ ಸಮನಾಗಿ ಬರಲೆಂದು ಎಥಿಫಾನ್ ಸಿಂಪಡಿಸುವ ಪದ್ಧತಿಯೂ ಇದೆ. ಆದ್ದರಿಂದ ಕಪ್ಪುನೀಲಿಯಾಗಿ ಕಾಣುವ ಹಣ್ಣು ಪರಿಮಳದಿಂದ ಕೂಡಿರಲೇಬೇಕೆಂದಿಲ್ಲ. ಹಂಗಾಮಿನ ಆರಂಭದ ಬೆಲೆಗಾಗಿ ಬೇಗನೆ ಕೊಯ್ದ ಹಣ್ಣು ಹುಳಿಯಾಗಿದ್ದು, ತಳಿಯ ಹೆಸರಿಗೆ ಕುಂದು ತರುತ್ತದೆ. ತೊಟ್ಟು ಹಸಿರಾಗಿದ್ದು, ಮೇಣದ ಪದರ ಅಳಿಸಿಹೋಗದೆ, ರಾಶಿಯ ಹತ್ತಿರ ನಿಂತಾಗಲೇ ಕಂಪು ತಿಳಿಯುವಂತಿದ್ದರೆ ಹಣ್ಣು ಚೆನ್ನಾಗಿ ಮಾಗಿದೆ ಮತ್ತು ತಾಜಾ ಆಗಿದೆ ಎಂದು ಭಾವಿಸಬಹುದು.

ಬೇಸಾಯ

ಈ ತಳಿಯನ್ನು ಕಲ್ಲುಕಂಬಗಳ ಮೇಲೆ ತಂತಿ ಬಿಗಿದು ನಿರ್ಮಿಸಿದ ಚಪ್ಪರಗಳಲ್ಲಿ ಬೆಳೆಯುತ್ತಾರೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ಚಿಕ್ಕಬಳ್ಳಾಪುರ ತಾಲ್ಲೂಕುಗಳು, ವಿಶೇಷವಾಗಿ ನಂದಿ ಬೆಟ್ಟದ ಸುತ್ತಲಿನ ಪ್ರದೇಶ, ಇದಕ್ಕೆ ಹೆಸರಾಗಿವೆ. ಉತ್ತರ ಭಾರತದ ಚಳಿಗಾಲದಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ನಿದ್ರಾವಸ್ಥೆಗೆ ಹೋಗುತ್ತದೆ. ಬೆಂಗಳೂರು ಭಾಗದ ಹವಾಗುಣದಲ್ಲಿ ಹಾಗಾಗದೆ ಬಳ್ಳಿ ವರ್ಷವಿಡೀ ಹಸಿರಾಗಿರುವುದರಿಂದ, ಸವರುವಿಕೆಯ ಸಮಯವನ್ನು ಹೊಂದಿಸಿಕೊಂಡು ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು.

ಚಿಬ್ಬು ರೋಗಕ್ಕೆ ಈ ತಳಿಯು ಪ್ರತಿರೋಧ ಹೊಂದಿದೆ. ಬೂಜು ತುಪ್ಪಟ ರೋಗಕ್ಕೆ ಸುಲಭವಾಗಿ ಈಡಾಗುತ್ತದೆ. ಹೂ ಬಿಡುವ ಮತ್ತು ಮಾಗುವ ಕಾಲದ ಮಳೆ ಎರಡು ಬಗೆಯ ನಷ್ಟ ಉಂಟುಮಾಡುತ್ತದೆ. ಮೊದಲನೆಯದು ರೋಗ, ಎರಡನೆಯದು ಕಾಳು ಒಡೆಯುವಿಕೆ ಮತ್ತು ರಸ ತೆಳುವಾಗುವಿಕೆ.

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಈ ತಳಿಯನ್ನು ಪೋಷಕವಾಗಿ ಬಳಸಿ ಹಲವು ಸಂಕರಗಳನ್ನು ರೂಪಿಸಿದೆ. ಅರ್ಕಾ ಶ್ಯಾಮ್ (ಬೆಂಗಳೂರು ನೀಲಿ ಮತ್ತು ಬ್ಲ್ಯಾಕ್ ಚಂಪಾ), ಅರ್ಕಾ ಹಂಸ (ಬೆಂಗಳೂರು ನೀಲಿ ಮತ್ತು ಅನಾಬ್-ಎ-ಶಾಹಿ) ಹಾಗೂ ಅರ್ಕಾ ತೃಷ್ಣಾ (ಬೆಂಗಳೂರು ನೀಲಿ ಮತ್ತು ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್) ಇವುಗಳಲ್ಲಿ ಸೇರಿವೆ.

ಮಾರುಕಟ್ಟೆ

ಬೆಂಗಳೂರು ದಂಡು ಮತ್ತು ಪೂರ್ವ ಭಾಗ

1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶವು ಹಣ್ಣು, ತರಕಾರಿ ಮತ್ತು ಹೂಗಳಿಗೆ ದೊಡ್ಡ ಬೇಡಿಕೆಯ ಕೇಂದ್ರವಾಗಿ ಬೆಳೆಯಿತು. ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಲಾದ ರಸೆಲ್ ಮಾರುಕಟ್ಟೆ ಈ ವ್ಯಾಪಾರದ ಮುಖ್ಯ ತಾಣ. ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳನ್ನು ದಾಟಿ ಹೊಸಕೋಟೆ ಮತ್ತು ಕೋಲಾರಗಳತ್ತ ಸಾಗುವ ಹಳೆ ಮದ್ರಾಸ್ ರಸ್ತೆಯು ಪೂರ್ವದ ತೋಟಗಳನ್ನು ಈ ಬಡಾವಣೆಗಳ ಗ್ರಾಹಕರೊಂದಿಗೆ ಜೋಡಿಸುತ್ತದೆ. ನೀಲಿ ದ್ರಾಕ್ಷಿಯ ಸಿಪ್ಪೆ ತೆಳು. ಬೀಜರಹಿತ ತಳಿಗಳಷ್ಟು ದೂರದ ಸಾಗಣೆಯನ್ನು ಅದು ತಾಳುವುದಿಲ್ಲ. ಆದ್ದರಿಂದ ತೋಟದ ಸಮೀಪದಲ್ಲಿಯೇ ಇರುವ ಮಹಾನಗರ ಈ ತಳಿಗೆ ಸಹಜ ಮಾರುಕಟ್ಟೆಯಾಯಿತು.

ದಂಡು ಪ್ರದೇಶದ ಆಂಗ್ಲೋ-ಇಂಡಿಯನ್ ಮತ್ತು ಇತರ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗಾಗಿ ದ್ರಾಕ್ಷಿ ವೈನ್ ಮಾಡಿಡುವ ಸಂಪ್ರದಾಯದಲ್ಲಿ ಈ ಹಣ್ಣಿಗೆ ವಿಶೇಷ ಸ್ಥಾನವಿದೆ. ಕೃಷ್ಣರಾಜಪುರದ ಆಚೆ 1882ರಲ್ಲಿ ಆಂಗ್ಲೋ-ಇಂಡಿಯನ್ ವಸಾಹತಾಗಿ ಆರಂಭವಾದ ವೈಟ್‌ಫೀಲ್ಡ್‌ನಲ್ಲಿಯೂ ಈ ರೂಢಿ ಬೆಳೆದುಬಂದಿತು. ಹಣ್ಣನ್ನು ಹಿಸುಕಿ, ಸಕ್ಕರೆ, ಯೀಸ್ಟ್ ಮತ್ತು ಗೋಧಿ ಅಥವಾ ಮಸಾಲೆ ಸೇರಿಸಿ ಭರಣಿಯಲ್ಲಿ ವಾರಗಟ್ಟಲೆ ಹುದುಗಲು ಬಿಡುತ್ತಾರೆ. ಹಣ್ಣಿನ ಗಾಢ ಬಣ್ಣ ಮತ್ತು ಸಕ್ಕರೆಯೊಂದಿಗೂ ಮಾಸದ ಪರಿಮಳ ಈ ಸಿಹಿ ಪಾನೀಯಕ್ಕೆ ಒಗ್ಗುತ್ತವೆ. ಮದ್ಯವನ್ನು ಪರವಾನಗಿ ಇಲ್ಲದೆ ತಯಾರಿಸಿ ಮಾರುವುದು ರಾಜ್ಯದ ಅಬಕಾರಿ ಕಾನೂನಿನಂತೆ ಅಪರಾಧ.

ಸಹಕಾರ ಸಂಘ

ಇಂದು ಹಾಪ್‌ಕಾಮ್ಸ್ ಎಂದು ಪ್ರಸಿದ್ಧವಾಗಿರುವ ತೋಟಗಾರಿಕೆ ಬೆಳೆಗಾರರ ಸಹಕಾರ ಸಂಸ್ಥೆಯ ಮೂಲ ದ್ರಾಕ್ಷಿಯಲ್ಲಿಯೇ ಇದೆ. ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡ ಅವರ ಪ್ರೇರಣೆಯಿಂದ 1959ರಲ್ಲಿ ಇದು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಸ್ಥಾಪನೆಯಾಯಿತು. ಬೇಗನೆ ಕೆಡುವ ಹಣ್ಣನ್ನು ಕೈಯಲ್ಲಿಟ್ಟುಕೊಂಡ ರೈತನಿಗೆ ಬೆಲೆಯ ಚೌಕಾಸಿಗೆ ಕಾಲಾವಕಾಶವಿರುವುದಿಲ್ಲ. ಬೆಳೆಗಾರ ಮತ್ತು ಗ್ರಾಹಕರ ನಡುವಿನ ದಲ್ಲಾಳಿಗಳ ಹಿಡಿತವನ್ನು ಕಡಿಮೆ ಮಾಡುವುದು ಸಂಘದ ಉದ್ದೇಶವಾಗಿತ್ತು. ಮುಂದೆ ಇತರ ಹಣ್ಣು-ತರಕಾರಿಗಳನ್ನೂ ಒಳಗೊಂಡು ಸಂಸ್ಥೆ ವಿಸ್ತಾರವಾಯಿತು. ಅದು ಬೇಸಿಗೆಯ ಆರಂಭದಲ್ಲಿ ನಡೆಸುವ ದ್ರಾಕ್ಷಿ ಮತ್ತು ಕಲ್ಲಂಗಡಿ ಮೇಳ ನಗರದ ಜನಪ್ರಿಯ ಕಾರ್ಯಕ್ರಮಗಳಲ್ಲೊಂದು.

ರಸ ಮತ್ತು ವೈನ್

ರಸದ ಉದ್ಯಮದಲ್ಲಿ ಈ ತಳಿಯ ಬಲ ಎರಡು: ಬಣ್ಣ ಮತ್ತು ಪರಿಮಳ. ತಟಸ್ಥ ತಳಿಗಳ ರಸವನ್ನು ಕಾಯಿಸಿ ಸಂರಕ್ಷಿಸಿದಾಗ ಸಕ್ಕರೆ ನೀರಿನಂತಹ ರುಚಿ ಉಳಿಯಬಹುದು. ಲ್ಯಾಬ್ರುಸ್ಕ ಗುಂಪಿನ ಪರಿಮಳ ಬಿಸಿ ಸಂಸ್ಕರಣೆಯ ನಂತರವೂ ಗುರುತಿಸುವಷ್ಟು ಉಳಿಯುತ್ತದೆ. ಅಮೆರಿಕದಲ್ಲಿ 1869ರಲ್ಲಿ ಥಾಮಸ್ ವೆಲ್ಚ್ ಪಾಶ್ಚೀಕರಿಸಿದ ದ್ರಾಕ್ಷಾರಸವನ್ನು ತಯಾರಿಸಿದ್ದೂ ಇದೇ ಗುಂಪಿನ ಕಾನ್‌ಕರ್ಡ್ ಹಣ್ಣಿನಿಂದ.

ಭಾರತದ ಸಿಹಿಯಾದ, ಬಲವರ್ಧಿತ ‘ಪೋರ್ಟ್’ ಮಾದರಿಯ ಅಗ್ಗದ ವೈನ್‌ಗಳಿಗೆ ಬೆಂಗಳೂರು ನೀಲಿ ಬಹುಕಾಲದಿಂದ ಕಚ್ಚಾವಸ್ತುವಾಗಿದೆ. ನಂದಿ ಬೆಟ್ಟದ ಸುತ್ತ 1980ರ ದಶಕದ ಅಂತ್ಯದಿಂದ ಫ್ರೆಂಚ್ ವಿನಿಫೆರ ತಳಿಗಳ ತೋಟಗಳು ಹುಟ್ಟಿಕೊಂಡ ಬಳಿಕ, ಒಂದೇ ಪ್ರದೇಶದಲ್ಲಿ ಎರಡು ಬಗೆಯ ವೈನ್ ದ್ರಾಕ್ಷಿಗಳು ಬೆಳೆಯತೊಡಗಿದವು. ಒಣ ರುಚಿಯ, ದುಬಾರಿ ವೈನ್‌ಗಳಿಗೆ ವಿನಿಫೆರ ಬಳಕೆಯಾದರೆ, ಸಿಹಿ ವೈನ್ ಮತ್ತು ರಸಕ್ಕೆ ನೀಲಿ ದ್ರಾಕ್ಷಿ ಉಳಿಯಿತು. ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು.

ಯುರೋಪಿನಲ್ಲಿ ನಿರ್ಬಂಧ

ಅಮೆರಿಕದಿಂದ ಬಂದ ಬಳ್ಳಿಗಳೊಂದಿಗೆ ಫಿಲಾಕ್ಸೆರ ಎಂಬ ಬೇರು ಕೀಟವು 1860ರ ದಶಕದಲ್ಲಿ ಯುರೋಪನ್ನು ಪ್ರವೇಶಿಸಿ ಅಲ್ಲಿನ ದ್ರಾಕ್ಷಿ ತೋಟಗಳನ್ನು ನಾಶಪಡಿಸಿತು. ಬದುಕುಳಿಯಬಲ್ಲ ಸಂಕರ ತಳಿಗಳನ್ನು ಹಲವು ರೈತರು ಆಶ್ರಯಿಸಿದರು. ಮುಂದೆ ವೈನ್ ಅಗತ್ಯಕ್ಕಿಂತ ಹೆಚ್ಚಾಗಿ ಉತ್ಪಾದನೆಯಾಗತೊಡಗಿದಾಗ, ಫ್ರಾನ್ಸ್ 1930ರ ದಶಕದಲ್ಲಿ ಇಸಬೆಲ್ಲಾ ಸೇರಿದಂತೆ ಆರು ತಳಿಗಳನ್ನು ನಿಷೇಧಿಸಿತು. ಅವುಗಳ ವೈನ್‌ನಲ್ಲಿ ಮೆಥನಾಲ್ ಹೆಚ್ಚೆಂಬ ಆರೋಪವನ್ನೂ, ವಾಸನೆ ಅಹಿತಕರವೆಂಬ ವಾದವನ್ನೂ ಮುಂದಿಡಲಾಯಿತು. ಯುರೋಪಿಯನ್ ಒಕ್ಕೂಟದ 2013ರ ಕೃಷಿ ಮಾರುಕಟ್ಟೆ ನಿಯಮಾವಳಿಯಲ್ಲಿಯೂ ಈ ಆರು ತಳಿಗಳನ್ನು ವೈನ್ ದ್ರಾಕ್ಷಿಗಳ ವರ್ಗೀಕರಣದಿಂದ ಹೆಸರಿಸಿಯೇ ಹೊರಗಿಡಲಾಗಿತ್ತು. ಅದೇ ವರ್ಷ ಭಾರತದಲ್ಲಿ ಇದೇ ಕುಲದ ಹಣ್ಣಿಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆಯಿತು.

ಭೌಗೋಳಿಕ ಸೂಚಕ ಮತ್ತು ಸವಾಲುಗಳು

ಭಾರತದ ಭೌಗೋಳಿಕ ಸೂಚಕ ಕಾಯ್ದೆಯನ್ನು 1999ರಲ್ಲಿ ಅಂಗೀಕರಿಸಲಾಗಿ, ಅದು 2003ರಲ್ಲಿ ಜಾರಿಗೆ ಬಂದಿತು. ಚೆನ್ನೈನಲ್ಲಿರುವ ನೋಂದಣಿ ಕಚೇರಿಯು ನೀಡುವ ಮಾನ್ಯತೆಯು ಹತ್ತು ವರ್ಷಗಳ ಅವಧಿಯದು, ಬಳಿಕ ನವೀಕರಿಸಬೇಕು. ಗುರುತಿಸಿದ ಪ್ರದೇಶದ ಹೊರಗೆ ಬೆಳೆದ ಹಣ್ಣನ್ನು ಈ ಹೆಸರಿನಲ್ಲಿ ಮಾರದಂತೆ ತಡೆಯುವುದು ಇದರ ಉದ್ದೇಶ.

ಹೆಸರಿಗೆ ದೊರೆತ ರಕ್ಷಣೆ ಬೆಲೆಗೆ ದೊರೆಯುವುದಿಲ್ಲ. ಈ ತಳಿಯ ಬೇಸಾಯ ಹಲವು ಒತ್ತಡಗಳನ್ನು ಎದುರಿಸುತ್ತಿದೆ.

ಗ್ರಾಹಕರ ಆಯ್ಕೆ: ಬೀಜವಿಲ್ಲದ ದ್ರಾಕ್ಷಿಗಳು ವಿಜಯಪುರ, ಸಾಂಗ್ಲಿ, ನಾಸಿಕ್‌ಗಳಿಂದ ಹೇರಳವಾಗಿ ಬರುತ್ತವೆ. ಸಿಪ್ಪೆ ಮತ್ತು ಬೀಜ ಉಗುಳಬೇಕಾದ ಹಣ್ಣು ಹೊಸ ಗ್ರಾಹಕರಿಗೆ ತೊಡಕೆನಿಸುತ್ತದೆ. ಬೆಂಗಳೂರು ಸುತ್ತಲಿನ ಅನೇಕ ಬೆಳೆಗಾರರು ದೊಡ್ಡ ಕಾಳಿನ, ಅನಾಬ್-ಎ-ಶಾಹಿಯಿಂದ ಆಯ್ದ ದಿಲ್‌ಖುಷ್ ತಳಿಯನ್ನೂ ಬೆಳೆಯುತ್ತಾರೆ.

ಭೂಮಿ ಮತ್ತು ನೀರು: ದೇವನಹಳ್ಳಿಯಲ್ಲಿ 2008ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ನಂತರ ಸುತ್ತಲಿನ ಜಮೀನಿನ ಬೆಲೆ ತೀವ್ರವಾಗಿ ಏರಿತು. ಕೃಷ್ಣರಾಜಪುರ, ವೈಟ್‌ಫೀಲ್ಡ್ ಮತ್ತು ಹೊಸಕೋಟೆಯ ದಿಕ್ಕಿನಲ್ಲಿ ನಗರ ಬೆಳೆದಂತೆ ತೋಟಗಳು ಬಡಾವಣೆಗಳಾದವು. ಶಾಶ್ವತ ನದಿಗಳಿಲ್ಲದ ಈ ಪ್ರದೇಶದಲ್ಲಿ ಚಪ್ಪರದ ಬೆಳೆಯು ಆಳದ ಕೊಳವೆಬಾವಿಗಳನ್ನು ಅವಲಂಬಿಸಿದೆ.

ಬೆಲೆಯ ಅನಿಶ್ಚಿತತೆ: ಹಣ್ಣಿನ ದೊಡ್ಡ ಪಾಲು ರಸ ಮತ್ತು ವೈನ್ ಘಟಕಗಳಿಗೆ ಹೋಗುವುದರಿಂದ, ಖರೀದಿ ನಿಂತರೆ ಬೆಳೆಗಾರನಿಗೆ ಪರ್ಯಾಯ ಕಡಿಮೆ. 2020ರ ಮಾರ್ಚ್‌ನಲ್ಲಿ ಕೊರೋನಾ ಲಾಕ್‌ಡೌನ್ ಘೋಷಣೆಯಾದಾಗ ಮಾರುಕಟ್ಟೆ ಮತ್ತು ಸಾಗಣೆ ಸ್ಥಗಿತಗೊಂಡು ಚಿಕ್ಕಬಳ್ಳಾಪುರ ಭಾಗದ ದ್ರಾಕ್ಷಿ ಬೆಳೆಗಾರರು ಭಾರಿ ನಷ್ಟ ಅನುಭವಿಸಿದರು.

ತೂಕ ಮತ್ತು ಬಣ್ಣಗಳನ್ನು ಆಧರಿಸಿ ಹಣ್ಣನ್ನು ಕೊಳ್ಳುವ ವ್ಯವಸ್ಥೆಯಲ್ಲಿ ಪರಿಮಳಕ್ಕೆ ಪ್ರತ್ಯೇಕ ಬೆಲೆ ಸಿಗುವುದಿಲ್ಲ. ಬಳ್ಳಿಯ ಮೇಲೆ ಇನ್ನೂ ಕೆಲವು ದಿನ ಬಿಟ್ಟು ಪೂರ್ಣ ಮಾಗಿಸುವ ರೈತನು ಮಳೆ, ಹಕ್ಕಿ ಮತ್ತು ಬೆಲೆ ಕುಸಿತದ ಅಪಾಯವನ್ನು ತಾನೇ ಹೊರಬೇಕಾಗುತ್ತದೆ. ಆದರೆ ಈ ತಳಿಯನ್ನು ಬೀಜರಹಿತ ದ್ರಾಕ್ಷಿಗಳಿಂದ ಬೇರೆಯಾಗಿಸುವ ಕಂಪು ಕೂಡಿಬರುವುದು ಆ ಕೊನೆಯ ದಿನಗಳಲ್ಲಿಯೇ.